ಒಂದು ನೀಲಿ ಕೊಡೆ, ಎರಡು ಕತೆ

ಪುಸ್ತಕವೊಂದು ಚಲನಚಿತ್ರವಾಗಿ ಬಂದಾಗ ಮನೆಮಂದಿಯ ನಡುವೆ ಮೊದಲು ಏಳುವ ಪ್ರಶ್ನೆ ‘ಎರಡರಲ್ಲಿ ಯಾವುದು ಮೇಲು?’ ಎಂಬುದು. ಓದಿದವರು ಪುಸ್ತಕವೇ ಮೇಲೆನ್ನುತ್ತಾರೆ, ಓದದವರು ಚಿತ್ರವೇ ಸಾಕೆನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಕತೆ ಕಾಗದದಿಂದ ತೆರೆಗೆ ದಾಟುವಾಗ ಏನು ಉಳಿಯಿತು, ಏನು ಬದಲಾಯಿತು, ಆ ಬದಲಾವಣೆಯಿಂದ ಕತೆ ಯಾರದಾಯಿತು ಎಂದು ಕೇಳಿದರೆ ಮಾತ್ರ ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ಬಹಳ ಹೊತ್ತು ಮಾತಾಡಬಹುದು. ಅಂಥ ಮಾತಿಗೆ ಹೇಳಿ ಮಾಡಿಸಿದಂತಿರುವುದು ರಸ್ಕಿನ್ ಬಾಂಡ್ ಅವರ ‘ದ ಬ್ಲೂ ಅಂಬ್ರೆಲಾ’ ಎಂಬ ಕಿರುಕಾದಂಬರಿ, ಮತ್ತು ಅದೇ ಹೆಸರಿನಲ್ಲಿ ವಿಶಾಲ್ ಭಾರದ್ವಾಜ್ ನಿರ್ದೇಶಿಸಿದ ಹಿಂದಿ ಚಿತ್ರ. 2005ರ ಈ ಚಿತ್ರ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನೋಡಿದವರೆಲ್ಲ ಅದನ್ನು ಮನಸ್ಸು ಬೆಚ್ಚಗಾಗಿಸುವ ಚಿತ್ರವೆಂದೇ ನೆನೆಯುತ್ತಾರೆ. ಆದರೆ ಆ ಬಿಸುಪು ಎಲ್ಲಿಂದ ಬಂತು ಎಂಬುದನ್ನು ಹುಡುಕಹೊರಟರೆ ಪುಸ್ತಕ ಒಂದು ದಾರಿಯನ್ನೂ ಚಿತ್ರ ಇನ್ನೊಂದು ದಾರಿಯನ್ನೂ ತೋರಿಸುತ್ತವೆ.

ಬಾಂಡ್ ಅವರು 1934ರಲ್ಲಿ ಕಸೌಲಿಯಲ್ಲಿ ಹುಟ್ಟಿದವರು. ಮಸ್ಸೂರಿಯ ಲಂಡೂರಿನಲ್ಲಿ ದಶಕಗಳಿಂದ ನೆಲೆಸಿ, ಗಢವಾಲದ ಬೆಟ್ಟ, ಕಾಡು, ಕಾಲುಹಾದಿ ಮತ್ತು ಅಲ್ಲಿನ ಸಾಮಾನ್ಯ ಜನರ ಬದುಕನ್ನು ಸರಳವಾದ ಇಂಗ್ಲಿಷಿನಲ್ಲಿ ಬರೆಯುತ್ತ ಬಂದವರು. 1992ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2014ರಲ್ಲಿ ಪದ್ಮಭೂಷಣ. ಅವರ ಕತೆಗಳಲ್ಲಿ ದೊಡ್ಡ ಘಟನೆಗಳು ಕಡಿಮೆ. ಮರವೊಂದು ಬೆಳೆಯುವುದು, ಹೊಳೆ ಉಕ್ಕುವುದು, ಬಸ್ಸು ತಪ್ಪುವುದು ಇಂಥವೇ ಅಲ್ಲಿ ಘಟನೆಗಳು. ಭಾರದ್ವಾಜ್ ಇದಕ್ಕೆ ತೀರ ಬೇರೆಯ ಹದದವರು. ಸಂಗೀತ ನಿರ್ದೇಶಕರಾಗಿ ಹೆಸರಾಗಿ ಆಮೇಲೆ ನಿರ್ದೇಶನಕ್ಕೆ ಬಂದ ಅವರು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ‘ಮಕ್ಬೂಲ್’ ಆಗಿಯೂ ‘ಒಥೆಲೊ’ ನಾಟಕವನ್ನು ‘ಓಂಕಾರ’ ಆಗಿಯೂ ತೆರೆಗೆ ತಂದರು. ಕೊಲೆ, ಅಧಿಕಾರದ ಆಸೆ, ಅಸೂಯೆ ತುಂಬಿದ ಆ ಎರಡು ಚಿತ್ರಗಳ ನಡುವೆ ಈ ಪುಟ್ಟ ಕೊಡೆಯ ಕತೆ ಬಂದಿತು. ಮೇಲ್ನೋಟಕ್ಕೆ ಅದು ವಿರಾಮದಂತೆ ಕಂಡರೂ ಆಸೆ, ಅಪರಾಧ, ಅದರ ಫಲ ಎಂಬ ಅದೇ ಎಳೆ ಇಲ್ಲಿಯೂ ಇದೆ.

ಪುಸ್ತಕದ ಬಿನ್ಯಾ

ಪುಸ್ತಕದ ನಾಯಕಿ ಬಿನ್ಯಾ ಎಂಬ ಹುಡುಗಿ. ತಂದೆಯಿಲ್ಲದ ಮನೆ, ತಾಯಿ, ಅಣ್ಣ ಬಿಜ್ಜು, ಎರಡು ಹಸುಗಳು, ಮೆಟ್ಟಿಲುಮೆಟ್ಟಿಲಾಗಿ ಕಡಿದ ಸಣ್ಣ ಹೊಲಗಳು. ಹೊಟ್ಟೆಗೆ ಸಾಲುವಷ್ಟು ಬೆಳೆಯುತ್ತದೆ, ಪೇಟೆಗೆ ಒಯ್ದು ಮಾರುವಷ್ಟು ಬೆಳೆಯುವುದಿಲ್ಲ. ಕೊರಳಲ್ಲಿ ಚಿರತೆಯುಗುರಿನ ತಾಯಿತವಿರುವ ಈ ಬರಿಗಾಲಿನ ಹುಡುಗಿ ಒಂದು ದಿನ ಹಸು ಹುಡುಕುತ್ತ ಹೋದಾಗ, ಬಯಲುಸೀಮೆಯ ಪಟ್ಟಣದಿಂದ ವಿಹಾರಕ್ಕೆ ಬಂದವರ ನಡುವೆ ಬಿಚ್ಚಿಟ್ಟಿದ್ದ ನೀಲಿ ರೇಷ್ಮೆಯ ಕೊಡೆಯನ್ನು ಕಾಣುತ್ತಾಳೆ. ಕೊಡೆಯ ಒಡತಿಗೆ ತಾಯಿತದ ಮೇಲೆ ಕಣ್ಣು, ಹುಡುಗಿಗೆ ಕೊಡೆಯ ಮೇಲೆ. ವಿನಿಮಯ ನಡೆದುಹೋಗುತ್ತದೆ.

ಅಲ್ಲಿಂದ ಮುಂದೆ ಕೊಡೆ ಬಿನ್ಯಾಳ ಸಂಗಾತಿ. ಬಿಸಿಲಿರಲಿ, ಮಳೆಯಿರಲಿ, ಏನೂ ಇಲ್ಲದಿರಲಿ, ಅದು ಬಿಚ್ಚಿಕೊಂಡೇ ಇರಬೇಕು. ಗಾಳಿ ಅದನ್ನು ಕಮರಿಯೊಳಗೆ ಹಾರಿಸಿದಾಗ ಅವಳು ಇಳಿದು ತರುತ್ತಾಳೆ. ಹಾವು ಎದುರಾದಾಗ ಅದೇ ಅವಳಿಗೆ ಗುರಾಣಿಯಾಗುತ್ತದೆ. ಊರಿನಲ್ಲಿ ಅಂಥ ಕೊಡೆ ಇನ್ನೊಂದಿಲ್ಲ. ಶಾಲಾ ಮಾಸ್ತರರ ಹೆಂಡತಿಗೂ ಹೊಟ್ಟೆಯುರಿ. ಹಳ್ಳಿಯೊಂದಕ್ಕೆ ಹೊಸ ವಸ್ತು ಬಂದಾಗ ಏನಾಗುತ್ತದೆ ಎಂಬುದನ್ನು ಬಾಂಡ್ ನಗುತ್ತಲೇ ಬರೆದಿದ್ದಾರೆ. ವಸ್ತು ಒಬ್ಬರದು, ಅದರ ಚಿಂತೆ ಊರಿಗೆಲ್ಲ.

ಎಲ್ಲರಿಗಿಂತ ಹೆಚ್ಚಾಗಿ ಆ ಕೊಡೆಗೆ ಮರುಳಾದವನು ಚಹದಂಗಡಿಯ ಮುದುಕ ರಾಮ ಭರೋಸಾ. ಶಾಲೆಯ ಮಕ್ಕಳಿಗೆ ಮಿಠಾಯಿಯನ್ನು ಸಾಲವಾಗಿ ಕೊಡುವ, ಸಾಲ ತೀರದಿದ್ದಾಗ ಅವರ ಬಳಿಯಿರುವ ಚಿಕ್ಕಪುಟ್ಟ ವಸ್ತುಗಳನ್ನು ಕಿತ್ತಿಟ್ಟುಕೊಳ್ಳುವ ಲೆಕ್ಕಾಚಾರದ ಮನುಷ್ಯ ಅವನು. ದಿನವಿಡೀ ಅಂಗಡಿಯೊಳಗೇ ಕೂರುವವನಿಗೆ ಕೊಡೆಯಿಂದ ಉಪಯೋಗವೇನೂ ಇಲ್ಲ. ಆದರೂ ಬೇಕು. ಹಣ ಕೊಡುವೆನೆಂದರೂ ಬಿನ್ಯಾ ಒಪ್ಪುವುದಿಲ್ಲ. ಕೊನೆಗೆ ಅವನ ಅಂಗಡಿಯಲ್ಲಿ ಕೆಲಸಕ್ಕಿದ್ದ ರಾಜಾರಾಮ ಎಂಬ ಹುಡುಗ, ದುಡ್ಡಿನಾಸೆಗೆ ಕೊಡೆಯನ್ನು ಕದ್ದು ತರಲು ಮುಂದಾಗುತ್ತಾನೆ. ಕದ್ದು ಓಡುವಾಗ ಬಿಜ್ಜುವಿನ ಕೈಗೆ ಸಿಕ್ಕಿಬೀಳುತ್ತಾನೆ, ಯಾರಿಗಾಗಿ ಕದ್ದೆನೆಂಬುದನ್ನು ಹೇಳಿಬಿಡುತ್ತಾನೆ.

ಕೊಡೆ ಬಿನ್ಯಾಳಿಗೆ ಮರಳಿ ಸಿಕ್ಕಿತು. ಆದರೆ ಊರು ಸುಮ್ಮನಾಗುವುದಿಲ್ಲ. ಮಕ್ಕಳು ಅಂಗಡಿಗೆ ಹೋಗುವುದನ್ನು ಬಿಡುತ್ತಾರೆ, ದೊಡ್ಡವರು ಚಹ ಕುಡಿಯುವುದನ್ನು ಬಿಡುತ್ತಾರೆ. ‘ರಾಮನ ಮೇಲೆ ಭರವಸೆ’ ಎಂಬರ್ಥದ ಅವನ ಹೆಸರನ್ನೇ ತಿರುಚಿ, ನಂಬಿಗಸ್ತ ಕಳ್ಳ ಎಂಬ ಹೊಸ ಹೆಸರಿಡುತ್ತಾರೆ. ಮುದುಕ ತಾನೇ ಕಾಸಿದ ಚಹವನ್ನು ತಾನೇ ಕುಡಿಯುತ್ತ ಕೂರುತ್ತಾನೆ.

ಇಲ್ಲಿಂದ ಪುಸ್ತಕದ ನಿಜವಾದ ಕತೆ ಆರಂಭವಾಗುತ್ತದೆ. ಬಿನ್ಯಾಳಿಗೆ ಗೆಲುವಿನ ಸಂತೋಷ ಉಳಿಯುವುದಿಲ್ಲ. ಕೊಡೆಯನ್ನು ಮೆರೆಸಿದ್ದರಲ್ಲಿ ತನ್ನದೂ ಪಾಲಿತ್ತೇ ಎಂಬ ಅಳುಕು ಅವಳನ್ನು ಹಿಡಿಯುತ್ತದೆ. ಮುದುಕನ ಸಂಕಟವನ್ನು ಕಂಡ ಮೇಲೆ, ಅಂಗಡಿ ಹತ್ತಿರ ಬಂದಾಗ ಕೊಡೆಯನ್ನು ಮಡಚುತ್ತಾಳೆ; ದಾಟಿದ ಮೇಲೆ ಮತ್ತೆ ಬಿಚ್ಚುತ್ತಾಳೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಚಿಕ್ಕ ಕ್ರಿಯೆ ಇಲ್ಲ; ಇದಕ್ಕಿಂತ ದೊಡ್ಡದೂ ಇಲ್ಲ. ಯಾರೂ ಹೇಳಿಕೊಡದೆ, ಯಾರೂ ಗಮನಿಸದೆ, ಒಂದು ಮಗು ಇನ್ನೊಬ್ಬರ ನೋವಿಗೆ ಸ್ಥಳ ಬಿಟ್ಟುಕೊಡುವ ರೀತಿ ಅದು. ಕೊನೆಗೆ ಒಂದು ದಿನ ಮಿಠಾಯಿ ಕೊಳ್ಳುವ ನೆಪದಲ್ಲಿ ಅಂಗಡಿಗೆ ಹೋಗಿ ಕೊಡೆಯನ್ನು ಅಲ್ಲಿಯೇ ಬಿಟ್ಟುಬರುತ್ತಾಳೆ. ಮರೆತು ಹೋದೆಯೆಂದು ಮುದುಕ ಹಿಂದೆ ಓಡಿಬಂದಾಗ, ಅದು ನಿಮಗೇ ಎನ್ನುತ್ತಾಳೆ. ಆಮೇಲೆ ಜನ ಮತ್ತೆ ಅಂಗಡಿಗೆ ಬರುತ್ತಾರೆ. ಒಂದು ರಾತ್ರಿ ಬಂದ ಕರಡಿ ಬಿಟ್ಟುಹೋದ ಉಗುರಿಗೆ ಬೆಳ್ಳಿ ಕಟ್ಟಿಸಿ, ರಾಮ ಭರೋಸಾ ಅದನ್ನು ಬಿನ್ಯಾಳ ಕೊರಳಿಗೆ ಕೊಡುತ್ತಾನೆ. ಚಿರತೆಯುಗುರಿನಿಂದ ಹೊರಟ ಕತೆ ಕರಡಿಯುಗುರಿಗೆ ಬಂದು ನಿಲ್ಲುತ್ತದೆ.

ತೆರೆಯ ಮೇಲಿನ ಖತ್ರಿ

ಭಾರದ್ವಾಜ್ ಕತೆಯನ್ನು ಹಿಮಾಚಲ ಪ್ರದೇಶಕ್ಕೆ ಒಯ್ಯುತ್ತಾರೆ. ಬಯಲುಸೀಮೆಯ ವಿಹಾರಿಗಳು ಜಪಾನಿನ ಪ್ರವಾಸಿಗಳಾಗುತ್ತಾರೆ. ಬಿನ್ಯಾ ‘ಬಿನಿಯಾ’ ಆಗುತ್ತಾಳೆ. ಶ್ರೇಯಾ ಶರ್ಮಾ ಎಂಬ ಬಾಲನಟಿ ಆ ಪಾತ್ರವನ್ನು ಚುರುಕಾಗಿ ನಿರ್ವಹಿಸಿದ್ದಾಳೆ. ರಾಮ ಭರೋಸಾ ‘ನಂದಕಿಶೋರ್ ಖತ್ರಿ’ ಆಗುತ್ತಾನೆ. ಈ ಪಾತ್ರ ಪಂಕಜ್ ಕಪೂರ್ ಅವರದು. ಚಿತ್ರವನ್ನು ಒಮ್ಮೆ ನೋಡಿದವರು ಹುಡುಗಿಯ ಮುಖಕ್ಕಿಂತ ಹೆಚ್ಚಾಗಿ ಈ ಅಂಗಡಿಕಾರನ ಮುಖವನ್ನೇ ನೆನಪಿಟ್ಟುಕೊಳ್ಳುವುದು ಆಕಸ್ಮಿಕವಲ್ಲ. ಪುಸ್ತಕ ಮಗುವಿನ ಹಿಂದೆ ನಡೆಯುತ್ತದೆ; ಚಿತ್ರ ಕ್ರಮೇಣ ಮುದುಕನ ಕಡೆಗೆ ತಿರುಗುತ್ತದೆ.

ಖತ್ರಿ ಜಿಪುಣ, ಮಾತುಗಾರ, ಮಕ್ಕಳ ಸಾಲದಲ್ಲೂ ಲಾಭ ನೋಡುವವನು. ಅಂಥವನು ಕೊಡೆಯೊಂದರ ಮುಂದೆ ಸೋತುಹೋಗುತ್ತಾನೆ. ಇದರಿಂದ ನಿಮಗೇನು ಲಾಭವೆಂದು ಕೇಳಿದವರಿಗೆ, ಮನಸ್ಸಿನ ಸಂತೋಷಕ್ಕೆ ಲಾಭನಷ್ಟದ ಲೆಕ್ಕವಿಲ್ಲ ಎಂಬರ್ಥದ ಉತ್ತರ ಕೊಡುತ್ತಾನೆ. ಜೀವನವೆಲ್ಲ ಲೆಕ್ಕ ಬರೆದವನ ಬಾಯಲ್ಲಿ ಬರುವ ಈ ಮಾತು ನಗೆಯನ್ನೂ ಮರುಕವನ್ನೂ ಒಟ್ಟಿಗೆ ತರುತ್ತದೆ. ಅವನ ಆಸೆ ಕೀಳಾದುದಲ್ಲ. ಬಿನಿಯಾಳ ಆಸೆಗೂ ಅವನ ಆಸೆಗೂ ಬೇರು ಒಂದೇ. ಚೆಲುವಾದ ವಸ್ತುವೊಂದು ಬಡ ಊರಿಗೆ ಬಂದಿದೆ. ಅದು ಇಬ್ಬರಿಗೂ ಬೇಕಾಗಿದೆ.

ಚಿತ್ರ ಪುಸ್ತಕದಿಂದ ದೂರ ಸರಿಯುವುದು ಕಳವಿನ ಪ್ರಸಂಗದಲ್ಲಿ. ಇಲ್ಲಿ ಕಳವು ಕೈಗೂಡುತ್ತದೆ. ಬಿನಿಯಾಳ ಕೊಡೆ ಕಾಣೆಯಾಗುತ್ತದೆ; ಖತ್ರಿಯ ಮೇಲೆ ಅವಳಿಗೆ ಅನುಮಾನ, ಆದರೆ ಸಾಕ್ಷಿಯಿಲ್ಲ. ಕೆಲವು ಕಾಲದ ನಂತರ ಖತ್ರಿ ತಾನೇ ತರಿಸಿಕೊಂಡನೆನ್ನುವ ಕೆಂಪು ಕೊಡೆಯೊಂದನ್ನು ಬಿಚ್ಚಿ ಮೆರೆಯುತ್ತಾನೆ. ಊರವರು ಅವನಿಗೆ ಮರ್ಯಾದೆ ಕೊಡತೊಡಗುತ್ತಾರೆ. ಬಿನಿಯಾ ಮಾತ್ರ ಬಿಡದೆ ಪತ್ತೆಗೆ ಇಳಿಯುತ್ತಾಳೆ. ಕೊನೆಗೆ ಎಲ್ಲರ ಕಣ್ಣೆದುರಿಗೇ, ನೀರು ಬಿದ್ದ ಕೊಡೆಯಿಂದ ಕೆಂಪು ಬಣ್ಣ ಇಳಿದು ಒಳಗಿನ ನೀಲಿ ಹೊರಗೆ ಬರುತ್ತದೆ. ಪುಸ್ತಕದಲ್ಲಿ ಇಲ್ಲದ ಈ ಬಣ್ಣದ ಕತೆ ಸಂಪೂರ್ಣವಾಗಿ ಸಿನಿಮಾದ್ದು. ಬರವಣಿಗೆಯಲ್ಲಿ ‘ಬಣ್ಣ ಬಯಲಾಯಿತು’ ಎಂದರೆ ಅದು ಒಂದು ನುಡಿಗಟ್ಟು. ತೆರೆಯ ಮೇಲೆ ಅದು ಕಣ್ಣಿಗೆ ಕಾಣುವ ಘಟನೆ.

ಬಯಸಿದ ತಪ್ಪು, ಮಾಡಿದ ತಪ್ಪು

ಈ ಒಂದು ಬದಲಾವಣೆಯಿಂದ ಕತೆಯ ನ್ಯಾಯದ ತಕ್ಕಡಿಯೇ ಬದಲಾಗುತ್ತದೆ. ಪುಸ್ತಕದ ರಾಮ ಭರೋಸಾ ಕೊಡೆಯನ್ನು ಒಂದು ದಿನವೂ ತನ್ನದೆಂದು ಹಿಡಿಯಲಿಲ್ಲ. ಅವನ ತಪ್ಪು ಆಸೆಪಟ್ಟದ್ದು, ಹುಡುಗನೊಬ್ಬನ ಕಳವಿಗೆ ತಲೆಯಾಡಿಸಿದ್ದು. ತಪ್ಪು ತಪ್ಪೇ, ಆದರೆ ಊರು ಕೊಟ್ಟ ಶಿಕ್ಷೆ ತಪ್ಪಿಗಿಂತ ದೊಡ್ಡದು ಎಂಬುದು ಓದುಗನಿಗೆ ಗೊತ್ತಾಗುತ್ತದೆ. ಆದ್ದರಿಂದಲೇ ಬಿನ್ಯಾಳ ಅಳುಕು ಅರ್ಥಪೂರ್ಣವಾಗುತ್ತದೆ. ಅವಳು ಕ್ಷಮಿಸುತ್ತಿರುವುದಕ್ಕಿಂತ ಹೆಚ್ಚಾಗಿ, ಮಿತಿಮೀರಿದ ಶಿಕ್ಷೆಯೊಂದನ್ನು ನಿಲ್ಲಿಸುತ್ತಿದ್ದಾಳೆ.

ಚಿತ್ರದ ಖತ್ರಿಯ ತಪ್ಪು ಇದಕ್ಕಿಂತ ಭಾರವಾದುದು. ಕದ್ದ ವಸ್ತುವನ್ನು ಬಣ್ಣ ಬದಲಿಸಿ ಮೆರೆಸಿದ್ದಾನೆ, ಅದರಿಂದ ಮರ್ಯಾದೆ ಗಳಿಸಿದ್ದಾನೆ, ಮಗುವೊಂದರ ದುಃಖವನ್ನು ನೋಡುತ್ತಲೇ ಸುಳ್ಳು ಹೇಳಿದ್ದಾನೆ. ಅವನಿಗೆ ಶಿಕ್ಷೆಯಾಗಬೇಕೆಂದು ನೋಡುಗನೂ ಬಯಸುತ್ತಾನೆ. ಕೊಡೆಯ ಬಣ್ಣ ಇಳಿಯುವಾಗ ಚಿತ್ರಮಂದಿರವೂ ಊರಿನವರೊಂದಿಗೆ ಸೇರಿ ನಗುತ್ತದೆ. ಆಮೇಲೆ ಚಿತ್ರ ನಿಧಾನವಾಗಿ ಆ ನಗೆಯನ್ನು ಕಸಿದುಕೊಳ್ಳುತ್ತದೆ. ಚಳಿಗಾಲ ಬರುತ್ತದೆ, ಹಿಮ ಬೀಳುತ್ತದೆ, ಅಂಗಡಿ ಖಾಲಿ. ಊರು ಅವನೊಡನೆ ಮಾತುಬಿಟ್ಟಿದೆ. ಮುದಿ ಮುಖದ ಮೇಲೆ ಅವಮಾನ ಹೆಪ್ಪುಗಟ್ಟುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ನಗುತ್ತಿದ್ದವನು ಈಗ, ‘ಸಾಕು, ಬಿಟ್ಟುಬಿಡಿ’ ಎನ್ನುವಂತಾಗುತ್ತದೆ. ಹೀಗೆ ನೋಡುಗನನ್ನು ಮೊದಲು ಊರಿನ ಪಕ್ಷಕ್ಕೆ ಸೇರಿಸಿ, ಬಳಿಕ ಆ ಪಕ್ಷದಲ್ಲಿ ನಿಲ್ಲಲು ನಾಚುವಂತೆ ಮಾಡುವುದು ಚಿತ್ರದ ದಾರಿ.

ಎರಡರ ಕೊನೆಯಲ್ಲಿಯೂ ಹುಡುಗಿ ಕೊಡೆಯನ್ನು ಬಿಟ್ಟುಕೊಡುತ್ತಾಳೆ. ಕ್ರಿಯೆ ಒಂದೇ ಆದರೂ ಅರ್ಥ ಒಂದೇ ಅಲ್ಲ. ಪುಸ್ತಕದಲ್ಲಿ ಅದು ತನ್ನ ಪಾಲಿನ ಅಳುಕಿಗೆ ಮಗು ಕಂಡುಕೊಂಡ ಪರಿಹಾರ. ಚಿತ್ರದಲ್ಲಿ ಅದು ತನಗೆ ನಿಜವಾಗಿಯೂ ಅನ್ಯಾಯ ಮಾಡಿದವನಿಗೆ ಮಗು ಕೊಟ್ಟ ಕ್ಷಮೆ. ಎರಡನೆಯದು ಕಣ್ಣಲ್ಲಿ ನೀರು ತರಿಸುತ್ತದೆ. ಮೊದಲನೆಯದು ಅಷ್ಟು ಬೇಗ ಕಣ್ಣಿಗೆ ಬರುವುದಿಲ್ಲ. ಪುಸ್ತಕ ಮುಚ್ಚಿದ ಮೇಲೆ ಬಹಳ ದಿನ ಕಾಡುತ್ತದೆ. ಚಿತ್ರಕ್ಕೆ ಪುಸ್ತಕದ ಅಳುಕನ್ನು ತೋರಿಸುವುದು ಸುಲಭವಾಗಿರಲಿಲ್ಲ. ‘ನನ್ನದೂ ತಪ್ಪಿತ್ತೇ?’ ಎಂಬ ಪ್ರಶ್ನೆ ಒಂದು ಮನಸ್ಸಿನೊಳಗೇ ಹುಟ್ಟಿ ಅಲ್ಲಿಯೇ ಬಲಿಯುವಂಥದು. ಅದನ್ನು ವಾಕ್ಯ ಹೇಳಬಲ್ಲದು, ಕ್ಯಾಮರಾ ಹೇಳಲಾರದು. ಆ ಕೊರತೆಯನ್ನು ಚಿತ್ರ ಇನ್ನೊಂದು ಗಳಿಕೆಯಿಂದ ತುಂಬಿಕೊಂಡಿತು. ಪುಸ್ತಕದಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುವ ಮುದುಕನ ಒಂಟಿತನವನ್ನು ಅದು ಒಂದು ಇಡೀ ಋತುವಾಗಿ ಹಿಗ್ಗಿಸಿತು.

ಊರು ಎಂಬ ಮೂರನೆಯ ಪಾತ್ರ

ಪುಸ್ತಕ, ಚಿತ್ರ ಎರಡರಲ್ಲಿಯೂ ಹುಡುಗಿ ಮತ್ತು ಅಂಗಡಿಕಾರರಷ್ಟೇ ಮುಖ್ಯವಾದ ಮೂರನೆಯ ಪಾತ್ರವೆಂದರೆ ಊರು. ಒಬ್ಬರನ್ನೊಬ್ಬರು ಹೆಸರಿಡಿದು ಕರೆಯುವ, ಒಂದೇ ಅಂಗಡಿಯನ್ನು ನೆಚ್ಚಿಕೊಂಡ ಚಿಕ್ಕ ಊರಿನಲ್ಲಿ ಶಿಕ್ಷೆ ಕೊಡಲು ಪೊಲೀಸರೂ ಬೇಕಿಲ್ಲ, ನ್ಯಾಯಾಲಯವೂ ಬೇಕಿಲ್ಲ. ಮಾತುಬಿಟ್ಟರೆ ಸಾಕು. ಅಂಥ ಶಿಕ್ಷೆಗೆ ಅವಧಿಯೂ ಇರುವುದಿಲ್ಲ. ಯಾರೂ ತೀರ್ಪು ಬರೆಯದ್ದರಿಂದ, ಯಾವಾಗ ಮುಗಿಯಿತೆಂದು ಹೇಳುವವರೂ ಇರುವುದಿಲ್ಲ. ಎಲ್ಲರೂ ಇನ್ನೊಬ್ಬರು ಮೊದಲು ಮಾತಾಡಲೆಂದು ಕಾಯುತ್ತಾರೆ.

ಕನ್ನಡದ ಓದುಗರಿಗೆ ಬಹಿಷ್ಕಾರದ ಕತೆ ಹೊಸದಲ್ಲ. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕತೆಯನ್ನು ಗಿರೀಶ ಕಾಸರವಳ್ಳಿ 1977ರಲ್ಲಿ ಚಿತ್ರವಾಗಿಸಿದಾಗ, ಸಮಾಜ ಒಬ್ಬಳನ್ನು ಹೊರಹಾಕುವುದನ್ನು ನಾಣಿ ಎಂಬ ಹುಡುಗನ ಕಣ್ಣಿನಿಂದಲೇ ನೋಡುವಂತೆ ಮಾಡಿದರು. ಅಲ್ಲಿ ಮಗು ಎಲ್ಲವನ್ನೂ ಕಾಣುತ್ತದೆ, ಆದರೆ ಏನೂ ಮಾಡಲಾರದು. ನೀಲಿ ಕೊಡೆಯ ಕತೆ ಹಗುರ. ಅಲ್ಲಿನ ಕ್ರೌರ್ಯ ಇಲ್ಲಿಲ್ಲ. ಆದರೆ ಇಲ್ಲಿ ಮಗುವಿನ ಕೈಯಲ್ಲಿ ಒಂದು ಶಕ್ತಿ ಇದೆ. ಅನ್ಯಾಯಕ್ಕೊಳಗಾದವಳು ಅವಳೇ ಆದ್ದರಿಂದ, ‘ಮುಗಿಯಿತು’ ಎಂದು ಹೇಳುವ ಹಕ್ಕೂ ಅವಳದೇ. ಅವಳು ಅಂಗಡಿಗೆ ಹೋಗಿ ಬಂದ ಮೇಲೆ ಊರಿಗೆ ಹೋಗದಿರಲು ಕಾರಣ ಉಳಿಯುವುದಿಲ್ಲ. ದೊಡ್ಡವರು ಕಟ್ಟಿದ ಗಂಟನ್ನು ಮಗು ಬಿಚ್ಚುತ್ತದೆ.

ಕೊಡೆಯೂ ಇಲ್ಲಿ ಅರ್ಥ ಬದಲಿಸಿಕೊಳ್ಳುತ್ತದೆ. ಒಬ್ಬಳೇ ಹಿಡಿದಾಗ ಅದು ಅಸೂಯೆಯ ವಸ್ತುವಾಗಿತ್ತು. ಬಿಟ್ಟುಕೊಟ್ಟ ಮೇಲೆ ಅದು ಊರಿನದಾಗುತ್ತದೆ. ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ಅದರ ಬಣ್ಣವೂ ಮಾಸಿರುತ್ತದೆ ಎಂಬುದನ್ನು ಗಮನಿಸಬೇಕು. ಬಾಂಡ್ ಅವರ ಕೊಡೆ ಬಿಸಿಲು ಮಳೆಗೆ ತಾನಾಗಿ ಬಣ್ಣ ಕಳೆದುಕೊಳ್ಳುತ್ತದೆ. ಭಾರದ್ವಾಜರ ಕೊಡೆ ಹಾಕಿದ ಬಣ್ಣವನ್ನು ಕಳೆದುಕೊಂಡು ತನ್ನ ನೀಲಿಗೆ ಮರಳುತ್ತದೆ. ಒಂದು ಕಾಲದ ಕತೆ, ಇನ್ನೊಂದು ಸತ್ಯದ ಕತೆ.

ಕನ್ನಡದ ಒಂದು ಬೆಟ್ಟ, ಒಂದು ಹುಡುಗ

ಬೆಟ್ಟದ ಮಗು, ಹೊರಗಿನಿಂದ ಬಂದ ಪರದೇಶದವರು, ಕೈಗೆಟುಕದ ಒಂದು ವಸ್ತು ಎಂಬ ಈ ಮೂರು ಎಳೆಗಳು ಕನ್ನಡದ ನೋಡುಗರಿಗೆ ತಟ್ಟನೆ ‘ಬೆಟ್ಟದ ಹೂವು’ ಚಿತ್ರವನ್ನು ನೆನಪಿಗೆ ತರುತ್ತವೆ. 1985ರಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಆ ಚಿತ್ರವೂ ಇಂಗ್ಲಿಷಿನ ಮಕ್ಕಳ ಕಾದಂಬರಿಯಿಂದ ಬಂದದ್ದು. ಶರ್ಲಿ ಅರೋರಾ ಬರೆದ ‘ವಾಟ್ ದೆನ್, ರಾಮನ್?’ ಅದರ ಮೂಲ. ಬಾಲಕನಾಗಿದ್ದ ಪುನೀತ್ ರಾಜಕುಮಾರ್ ಅವರಿಗೆ ಆ ಚಿತ್ರದ ನಟನೆಗಾಗಿ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿನ ಹುಡುಗ ರಾಮುವಿನ ಕನಸು ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಪುಸ್ತಕವನ್ನು ಕೊಳ್ಳುವುದು. ಕಾಡಿನ ಹೂಗಳನ್ನು ತಂದುಕೊಟ್ಟು, ಕೂಲಿನಾಲಿ ಮಾಡಿ ಕಾಸಿಗೆ ಕಾಸು ಕೂಡಿಸಿದ ಹುಡುಗ ಕೊನೆಗೆ ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ.

ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮಕ್ಕಳ ತ್ಯಾಗದಲ್ಲಿಯೂ ಬಗೆಯಿದೆ ಎಂಬುದು ತಿಳಿಯುತ್ತದೆ. ರಾಮು ಬಿಟ್ಟುಕೊಡುವುದು ತನಗೆ ಇನ್ನೂ ಸಿಗದ ವಸ್ತುವನ್ನು, ತನ್ನವರಿಗಾಗಿ. ಬಿನಿಯಾ ಬಿಟ್ಟುಕೊಡುವುದು ತನ್ನ ಕೈಯಲ್ಲೇ ಇರುವ ವಸ್ತುವನ್ನು, ತನ್ನವನಲ್ಲದವನಿಗಾಗಿ. ಮೊದಲನೆಯದನ್ನು ಬಡತನ ಕೇಳಿತು; ಎರಡನೆಯದನ್ನು ಯಾರೂ ಕೇಳಲಿಲ್ಲ. ಮೂಲವನ್ನು ಹೊಸ ನೆಲಕ್ಕೆ ಒಯ್ಯುವ ಕೌಶಲದಲ್ಲಿಯೂ ಎರಡಕ್ಕೂ ಹೋಲಿಕೆಯಿದೆ. ಇಂಗ್ಲಿಷಿನ ಕತೆಯಲ್ಲಿ ಹುಡುಗ ಬಯಸುವ ರಾಮಾಯಣ ಕನ್ನಡದಲ್ಲಿ ಕುವೆಂಪು ಅವರ ಮಹಾಕಾವ್ಯವಾದ ಕೂಡಲೆ ಕತೆ ಕನ್ನಡದ್ದಾಯಿತು. ಕೊಡೆಯ ಕತೆಯಲ್ಲಿ ಇಂಗ್ಲಿಷ್ ವಾಕ್ಯಗಳು ಬೆಟ್ಟದ ಹಿಂದಿಯಾದ ಕೂಡಲೆ ಪಾತ್ರಗಳು ತಮ್ಮ ಸ್ವಂತ ಬಾಯಿಂದ ಮಾತಾಡತೊಡಗಿದವು. ಮೂಲಕ್ಕೆ ನಿಷ್ಠೆಯೆಂದರೆ ಎಲ್ಲವನ್ನೂ ಹಾಗೆಯೇ ಉಳಿಸುವುದಲ್ಲವೆಂಬುದಕ್ಕೆ ಎರಡೂ ಸಾಕ್ಷಿ.

ಕೊಡೆ, ಛತ್ರಿ, ಗೊಡುಗು

ಭಾಷೆಯ ಮಾತು ಬಂದಾಗ ಖತ್ರಿಯ ಹೆಸರನ್ನು ಬಿಡುವಂತಿಲ್ಲ. ಪುಸ್ತಕದ ‘ಭರೋಸಾ’ದಲ್ಲಿ ನಂಬಿಕೆಯ ಶ್ಲೇಷೆಯಿತ್ತು. ಹಿಂದಿಯಲ್ಲಿ ಖತ್ರಿ ಎಂಬುದು ಛತ್ರಿಗೆ ಪ್ರಾಸ. ಹೆಸರಿನಲ್ಲೇ ಕೊಡೆಯ ಗುಂಗು ಸೇರಿಕೊಂಡವನು ಕೊಡೆಗಾಗಿಯೇ ಕೆಡುತ್ತಾನೆ. ಇಂಗ್ಲಿಷಿನ ಒಂದು ಚಮತ್ಕಾರ ಹಿಂದಿಗೆ ಬರದಿದ್ದಾಗ ಅಲ್ಲಿ ಇನ್ನೊಂದನ್ನು ನೆಡುವ ಈ ಜಾಣ್ಮೆ ಅನುವಾದ ಮಾಡುವವರಿಗೆಲ್ಲ ಪಾಠ. ಕನ್ನಡಿಗರಿಗೆ ಇಲ್ಲಿ ಮತ್ತೂ ಒಂದು ನಗೆ ಉಚಿತವಾಗಿ ಸಿಗುತ್ತದೆ. ಕನ್ನಡದ ಆಡುಮಾತಿನಲ್ಲಿ ‘ಛತ್ರಿ’ ಎಂದರೆ ಕೊಡೆಯೂ ಹೌದು, ಕಿಲಾಡಿ ಮನುಷ್ಯನೂ ಹೌದು.

ಗಡಿಯ ಮಕ್ಕಳಿಗೆ ಈ ಆಟ ಇನ್ನೂ ಹತ್ತಿರ. ಕಾಸರಗೋಡಿನ ಮಗು ಮನೆಯಲ್ಲಿ ಕೊಡೆ ಎಂದರೆ ಪೇಟೆಯ ಮಲಯಾಳದಲ್ಲಿ ಅದು ಕುಡ. ತಾಳವಾಡಿಯ ಮಗುವಿಗೆ ಬಸ್ಸಿನಲ್ಲಿ ಕಿವಿಗೆ ಬೀಳುವ ತಮಿಳಿನಲ್ಲಿ ಅದು ಕುಡೈ. ಮೂರೂ ಒಂದೇ ಬೇರಿನವು. ಸೊಲ್ಲಾಪುರ, ಅಕ್ಕಲಕೋಟೆಗಳ ಮಗುವಿಗೆ ಮರಾಠಿಯ ಛತ್ರಿ ಪರಿಚಿತ. ಆದವಾನಿ, ರಾಯದುರ್ಗಗಳ ಮಗುವಿಗೆ ತೆಲುಗಿನ ಗೊಡುಗು. ಕತೆಯನ್ನು ಇಂಗ್ಲಿಷಿನಲ್ಲಿ ಓದಿ, ಹಿಂದಿಯಲ್ಲಿ ನೋಡಿ, ಕನ್ನಡದಲ್ಲಿ ಹೇಳುವುದು ಇಂಥ ಮಕ್ಕಳಿಗೆ ಹೊರೆಯಾಗಬೇಕಿಲ್ಲ. ದಿನವೂ ಎರಡು ಮೂರು ಭಾಷೆಗಳ ನಡುವೆ ದಾಟಿ ಬರುವವರಿಗೆ, ದಾಟುವಾಗ ಅರ್ಥ ಹೇಗೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ ಎಂಬುದು ಆಗಲೇ ಗೊತ್ತು. ಕಾದಂಬರಿ ಚಿತ್ರವಾಗುವುದೂ ಅಂಥದೇ ಒಂದು ದಾಟುವಿಕೆ.

ಯಾವುದು ಮೊದಲು?

ಹೆತ್ತವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮಕ್ಕಳು ಮೊದಲು ಓದಬೇಕೇ, ನೋಡಬೇಕೇ ಎಂಬುದು. ಈ ಕತೆಯ ಮಟ್ಟಿಗೆ ಮೊದಲು ಓದುವುದೇ ಲೇಸು. ಪುಸ್ತಕ ಚಿಕ್ಕದು, ವಾಕ್ಯಗಳು ಸರಳ. ಪ್ರೌಢಶಾಲೆಯ ಮಗು ತಾನೇ ಓದಬಹುದು, ಕಿರಿಯರಿಗೆ ಮನೆಯವರು ಅಲ್ಲಲ್ಲಿ ಕನ್ನಡದಲ್ಲಿ ಹೇಳುತ್ತ ಓದಬಹುದು. ಓದುವಾಗ ಪ್ರತಿ ಮಗುವೂ ತನ್ನದೇ ನೀಲಿಯ ಕೊಡೆಯೊಂದನ್ನು ಮನಸ್ಸಿನಲ್ಲಿ ಬಿಚ್ಚುತ್ತದೆ. ಚಿತ್ರವನ್ನು ಮೊದಲು ನೋಡಿದರೆ ಆ ನೀಲಿ ಎಲ್ಲರಿಗೂ ಒಂದೇ ಆಗಿಬಿಡುತ್ತದೆ, ರಾಮ ಭರೋಸಾನಿಗೆ ಪಂಕಜ್ ಕಪೂರರ ಮುಖ ಅಂಟಿಕೊಳ್ಳುತ್ತದೆ. ಓದಿದ ಮೇಲೆ ನೋಡಿದರೆ ಮಾತ್ರ, ‘ಪುಸ್ತಕದಲ್ಲಿ ಹೀಗಿರಲಿಲ್ಲ’ ಎಂದು ಮಗು ಎದ್ದು ಕೂರುತ್ತದೆ. ವಿಮರ್ಶೆ ಎಂಬುದರ ಮೊದಲ ಹೆಜ್ಜೆ ಆ ಮಾತು.

ಆಗ ಕೇಳಬಹುದಾದ ಪ್ರಶ್ನೆಗಳು ಕೆಲವು ಇವೆ. ಕೊಡೆಯನ್ನು ಕದಿಯಲು ಹೋದ ಹುಡುಗ ರಾಜಾರಾಮನನ್ನು ಊರು ಮರೆತು, ಅಂಗಡಿಕಾರನನ್ನೇ ಏಕೆ ಹಿಡಿಯಿತು? ಬಿನ್ಯಾ ನಿಜಕ್ಕೂ ತಪ್ಪು ಮಾಡಿದ್ದಳೇ? ಒಬ್ಬನ ಮೇಲೆ ಎಲ್ಲರೂ ಸಿಟ್ಟಾದಾಗ, ಸಿಟ್ಟು ಸಾಕೆಂದು ಮೊದಲು ಹೇಳಬೇಕಾದವರು ಯಾರು? ಇವುಗಳಿಗೆ ಪಠ್ಯಪುಸ್ತಕದ ಕೊನೆಯಲ್ಲಿ ಸಿಗುವಂಥ ಸಿದ್ಧ ಉತ್ತರವಿಲ್ಲ. ತರಗತಿಯಲ್ಲಿ ಒಬ್ಬ ಸಹಪಾಠಿಯ ಹೆಸರು ತಿರುಚಿ ಕರೆಯುವ ಆಟ ಯಾವ ಶಾಲೆಗೂ ಹೊಸದಲ್ಲವಾದ್ದರಿಂದ, ಮಕ್ಕಳ ಉತ್ತರ ಎಷ್ಟೋ ಸಲ ಗಢವಾಲವನ್ನು ಬಿಟ್ಟು ತಮ್ಮದೇ ಬೆಂಚಿನ ಹತ್ತಿರ ಬಂದುಬಿಡುತ್ತದೆ. ಆಗ ದೊಡ್ಡವರು ಉಪದೇಶಕ್ಕೆ ಇಳಿಯದೆ ಕೇಳಿಸಿಕೊಂಡರೆ ಸಾಕು.

ಕೊನೆಗೂ ಎರಡರಲ್ಲಿ ಯಾವುದು ಮೇಲು ಎಂದು ಮಗು ಕೇಳಿದರೆ ಹೇಳಬಹುದಾದದ್ದು ಇಷ್ಟು. ಬಾಂಡ್ ಬರೆದದ್ದು ಕೊಡೆ ಇದ್ದವಳ ಕತೆ. ಭಾರದ್ವಾಜ್ ತೋರಿಸಿದ್ದು ಕೊಡೆ ಇಲ್ಲದವನ ಕತೆ. ಇರುವವರು ಇಲ್ಲದವರನ್ನು 어ದು ಕಣ್ಣಿನಿಂದ ನೋಡಬೇಕೆಂಬುದನ್ನು ಪುಸ್ತಕ ಕಲಿಸುತ್ತದೆ. ತಪ್ಪಿದವನು ಊರಿನೊಳಗೆ ಮರಳಿ ಬರಲು ಎಷ್ಟು ದೂರ ನಡೆಯಬೇಕೆಂಬುದನ್ನು ಚಿತ್ರ ಕಾಣಿಸುತ್ತದೆ. ಓದಿ, ನೋಡಿ ಮುಗಿಸಿದ ಮಗುವಿಗೆ ಎರಡೂ ಬೇಕಾಗುತ್ತವೆ. ಅಂಗಡಿಯ ಮುಂದೆ ಹಾಯುವಾಗ ಕೊಡೆ ಮಡಚಿದ ಹುಡುಗಿಯನ್ನು ಮಾತ್ರ ಪುಸ್ತಕದಲ್ಲಿಯೇ ಹುಡುಕಬೇಕು.